ನಾಲ್ಕು ಬದಿ ಸರಿ, ಕರ್ಣ ಎಷ್ಟು?

ಹಳೆಯ ಮನೆ ಕೊಳ್ಳುವವರು ಕಾಗದಪತ್ರಗಳನ್ನು ಹತ್ತು ಸಲ ಓದಿಸುತ್ತಾರೆ; ನೆಲವನ್ನು ಒಂದು ಸಲವೂ ಅಳೆಸುವುದಿಲ್ಲ. ಪ್ರೌಢಶಾಲೆಯ ರೇಖಾಗಣಿತ ಒಂದು ಸಂಸಾರದ ಗಂಟನ್ನು ಉಳಿಸಿದ ಬಗೆ ಇದು.

ಎರಡು ವರ್ಷದ ಹಿಂದಿನ ಮಾತು. ದಸರಾ ರಜೆಗೆ ಇನ್ನೊಂದು ವಾರವಿತ್ತು. ಕೊನೆಯ ಪೀರಿಯಡ್ಡು ಮುಗಿಸಿ ಸ್ಟಾಫ್ ರೂಮಿಗೆ ಬಂದರೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತಂದೆಯ ಜೊತೆ ಬಾಗಿಲಲ್ಲಿ ನಿಂತಿದ್ದಳು. ತಂದೆ ಮಹದೇವಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದರು.

“ಶುಕ್ರವಾರ ಮಗಳಿಗೆ ಒಂದು ದಿನ ರಜೆ ಬೇಕಿತ್ತು ಸಾರ್. ಮನೆ ತಗೊಳ್ತಾ ಇದ್ದೀವಿ. ಅವತ್ತು ಅಗ್ರಿಮೆಂಟು. ಎಲ್ಲರೂ ಇರಬೇಕು ಅಂತ ಇವಳಜ್ಜಿ ಹಟ ಹಿಡಿದಿದ್ದಾರೆ” ಎಂದರು.

ಸಂತೋಷದ ಸಮಾಚಾರ. ಕೂರಿಸಿ ವಿವರ ಕೇಳಿದೆ. ಮೂವತ್ತು ನಲವತ್ತರ ನಿವೇಶನ, ಕೆಳಗೊಂದು ಮೇಲೊಂದು ಮನೆ, ಕಟ್ಟಿ ಹದಿನೆಂಟು ವರ್ಷವಾಗಿದೆ. ಮಾರುವವರು ನಿವೃತ್ತರು, ಸಜ್ಜನರು. ಕೋಲಾರದ ಕಡೆ ಇದ್ದ ಪಿತ್ರಾರ್ಜಿತ ಜಮೀನು ಮಾರಿದ ಹಣ, ಹೆಂಡತಿಯ ಒಡವೆ, ಇಪ್ಪತ್ತೆರಡು ವರ್ಷದ ಉಳಿತಾಯ, ಅದರ ಮೇಲೆ ಸಾಲ. ಎಲ್ಲವೂ ಈ ಒಂದು ಮನೆಗೆ. ಈಗಾಗಲೇ ಐವತ್ತು ಸಾವಿರ ಟೋಕನ್ ಕೊಟ್ಟಾಗಿತ್ತು.

“ಅಳತೆ ಮಾಡಿಸಿದಿರಾ?” ಎಂದು ಕೇಳಿದೆ.

“ಪತ್ರ ಎಲ್ಲ ವಕೀಲರು ನೋಡಿದ್ದಾರೆ ಸಾರ್. ಸಾಲ ಕೊಡೋರೂ ಒಪ್ಪಿದ್ದಾರೆ” ಎಂದರು ತಂದೆ. ಹುಡುಗಿ ಮಧ್ಯೆ ಬಾಯಿ ಹಾಕಿದಳು: “ನಾನೂ ನಮ್ಮಣ್ಣನೂ ಟೇಪ್ ಹಿಡಿದು ಅಳೆದ್ವಿ ಸಾರ್. ಮುಂದೆ 30 ಅಡಿ, ಹಿಂದೆ 30, ಎರಡೂ ಪಕ್ಕ ನಲವತ್ತು ನಲವತ್ತು. ಕರೆಕ್ಟಾಗಿದೆ.”

“ಭಲೇ” ಎಂದೆ. “ನಾಲ್ಕು ಬದಿ ಸರಿಯಮ್ಮ. ಕರ್ಣ ಎಷ್ಟು?”

ಹುಡುಗಿ ಸುಮ್ಮನಾದಳು. ಹಿಂದಿನ ವಾರವಷ್ಟೇ ಅದೇ ಪಾಠ ಮಾಡಿದ್ದೆ.

ಮೇಷ್ಟ್ರಿಗೆ ಸಿಕ್ಕ ಉದಾಹರಣೆ

ಬೆಂಗಳೂರಿನ ಮೂವತ್ತು ನಲವತ್ತರ ನಿವೇಶನ ಗಣಿತದ ಮೇಷ್ಟ್ರುಗಳಿಗೆ ದೇವರೇ ಕೊಟ್ಟ ಉದಾಹರಣೆ. ಮೂವತ್ತರ ವರ್ಗ 900, ನಲವತ್ತರ ವರ್ಗ 1600, ಕೂಡಿದರೆ 2500. ಅದರ ವರ್ಗಮೂಲ 50. ಅಂದರೆ ನಿವೇಶನದ ಮೂಲೆಗಳು ಸರಿಯಾಗಿ 90 ಡಿಗ್ರಿಯಲ್ಲಿದ್ದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದಾಗ ಐವತ್ತೇ ಅಡಿ ಬರಬೇಕು. ಎರಡು ಕರ್ಣಗಳೂ ಅಷ್ಟೇ ಬರಬೇಕು. ನಾವು ಇದನ್ನು ಪೈಥಾಗೊರಸನ ಪ್ರಮೇಯ ಎನ್ನುತ್ತೇವೆ. ನಮ್ಮ ಬೌಧಾಯನ ಶುಲ್ಬಸೂತ್ರದಲ್ಲೂ ಇದೇ ಮಾತಿದೆ. ಶುಲ್ಬ ಎಂದರೆ ಹಗ್ಗ. ಯಜ್ಞವೇದಿಯನ್ನು ಹಗ್ಗದಿಂದ ಅಳೆದು ಕಟ್ಟುವವರ ಶಾಸ್ತ್ರ ಅದು. ಪಾಯ ಗುರುತು ಹಾಕುವ ಗಾರೆ ಮೇಸ್ತ್ರಿ ಇವತ್ತಿಗೂ ಮೂರು, ನಾಲ್ಕು, ಐದು ಎಂದು ದಾರ ಎಳೆದೇ ಮೂಲೆಮಟ್ಟ ನೋಡುತ್ತಾನೆ. ಅವನಿಗೆ ಪ್ರಮೇಯದ ಹೆಸರು ಗೊತ್ತಿಲ್ಲದಿರಬಹುದು, ಪ್ರಮೇಯ ಗೊತ್ತು.

ನಾಲ್ಕು ಬದಿ ಸರಿಯಿದ್ದರೂ ಆಕಾರ ಸರಿಯಿರಬೇಕೆಂದೇನಿಲ್ಲ. ನಾಲ್ಕು ಪಟ್ಟಿಗಳನ್ನು ಮೊಳೆ ಹೊಡೆದು ಚೌಕಟ್ಟು ಮಾಡಿ ಒಂದು ಪಕ್ಕಕ್ಕೆ ತಳ್ಳಿ ನೋಡಿ. ಬದಿಗಳ ಉದ್ದ ಕೂದಲೆಳೆಯಷ್ಟೂ ಬದಲಾಗುವುದಿಲ್ಲ, ಆದರೆ ಆಯತ ಹೋಗಿ ಸಮಾಂತರ ಚತುರ್ಭುಜವಾಗುತ್ತದೆ. ಒಂದು ಕರ್ಣ ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ, ಒಳಗಿನ ವಿಸ್ತೀರ್ಣ ಕಡಿಮೆಯಾಗುತ್ತದೆ.

ಮಾರನೆಯ ದಿನ ಸಂಜೆ ನಾನೂ ಅವರ ಜೊತೆ ಹೋದೆ. ಮನೆ ಒಂದಿಂಚೂ ಬಿಡದೆ ಇಡೀ ನಿವೇಶನವನ್ನು ಆವರಿಸಿತ್ತು. ಸುತ್ತ ಬಿಡಬೇಕಾದ ಜಾಗ ಬಿಟ್ಟಿರಲಿಲ್ಲ ಎಂಬುದು ಬೇರೆ ತಕರಾರು. ನಮಗೆ ಮಾತ್ರ ಅದರಿಂದ ಅನುಕೂಲವೇ ಆಯಿತು. ತಾರಸಿ ಹತ್ತಿ ಮೂಲೆಯಿಂದ ಮೂಲೆಗೆ ಟೇಪು ಎಳೆದೆವು. ಒಂದು ಕರ್ಣ 45 ಅಡಿ. ಇನ್ನೊಂದು ಐವತ್ತನಾಲ್ಕೂವರೆ. ಹುಡುಗಿ ಅಲ್ಲೇ ನೋಟ್‌ಬುಕ್ ತೆರೆದಳು. ಸಮಾಂತರ ಚತುರ್ಭುಜದಲ್ಲಿ ಎರಡು ಕರ್ಣಗಳ ವರ್ಗಗಳ ಮೊತ್ತ ನಾಲ್ಕು ಬದಿಗಳ ವರ್ಗಗಳ ಮೊತ್ತಕ್ಕೆ ಸಮನಾಗಿರಬೇಕು. ಬದಿಗಳದ್ದು 5000 ಬಂತು, ಕರ್ಣಗಳದ್ದು 4995. ಟೇಪು ಹಿಡಿದದ್ದರಲ್ಲಿ ತಪ್ಪಿರಲಿಲ್ಲ.

ಲೆಕ್ಕ ಮುಂದುವರಿಸಿದೆವು. ವಿಸ್ತೀರ್ಣ 1200ರ ಬದಲು 1176 ಚದರಡಿ. ಇಪ್ಪತ್ನಾಲ್ಕು ಚದರಡಿ ಹೋದರೆ ಹೋಗಲಿ ಎನ್ನಬಹುದು. ಆದರೆ ಹಿಂದಿನ ಗೋಡೆ ಸುಮಾರು 8 ಅಡಿ ಪೂರ್ವಕ್ಕೆ ಸರಿದಿತ್ತು. ಪತ್ರದಲ್ಲಿ ಬರೆದ ಆಯತವನ್ನು ಮನೆಯ ಮುಂಗೋಡೆಯಿಂದ ಅಳೆದುಕೊಂಡು ಹೋದರೆ ಸುಮಾರು 155 ಚದರಡಿಯ ಒಂದು ತ್ರಿಕೋನ ಆ ಆಯತದ ಹೊರಗೆ ಬೀಳುತ್ತಿತ್ತು. ಚದರಡಿಗೆ 8 ಸಾವಿರ ಎಂದು ಲೆಕ್ಕಕ್ಕೆ ಹಿಡಿದರೂ ಅದು ಹನ್ನೆರಡು ಲಕ್ಷದ ಮೇಲಿನ ನೆಲ.

ಅದು ಯಾರ ನೆಲ?

ಕಾಗದ ಹೇಳುವುದು, ಹೇಳದಿರುವುದು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದರು ಹಿರಿಯರು. ಯಾರೋ ಕಟ್ಟಿದ ಮನೆ ಕೊಂಡು ನೋಡು ಎಂಬುದನ್ನು ಅವರು ಸೇರಿಸಲಿಲ್ಲ. ಆಗಿನ ಕಾಲಕ್ಕೆ ಅದರ ಅಗತ್ಯವೂ ಇರಲಿಲ್ಲ. ಇಂದು ಮಹದೇವಪುರ, ಹೂಡಿ, ಕೃಷ್ಣರಾಜಪುರ, ಮಾರತ್ತಹಳ್ಳಿಗಳಲ್ಲಿ ಮಧ್ಯಮ ವರ್ಗದವರ ಕೈಗೆ ಖಾಲಿ ನಿವೇಶನ ಎಟುಕುವುದಿಲ್ಲ. ಹಳೆಯ ಮನೆಯೇ ಗತಿ. ತಪ್ಪೇನಿಲ್ಲ. ಆದರೆ ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವವರು ಮನೆ ಕೊಳ್ಳುವಾಗ ಫೈಲು ಮಾತ್ರ ಬಿಡಿಸಿ ನೋಡುತ್ತಾರೆ.

ಫೈಲಿನಲ್ಲಿರುವ ಒಂದೊಂದು ಕಾಗದವೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಕ್ರಯಪತ್ರ, ಯಾರು ಯಾರಿಗೆ ಮಾರಿದರೆಂದು ಹೇಳುತ್ತದೆ. ಋಣಭಾರ ಪತ್ರ, ಅಂದರೆ ಜನ ಇ.ಸಿ. ಎನ್ನುವುದು, ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ಖಾತಾ ಎಂಬುದು ತೆರಿಗೆ ಯಾರ ಹೆಸರಿನಲ್ಲಿ ಕಟ್ಟಬೇಕೆಂಬ ದಾಖಲೆ, ಅದೇ ಹಕ್ಕುಪತ್ರವಲ್ಲ. ಉಪನೋಂದಣಾಧಿಕಾರಿ ಪತ್ರವನ್ನು ನೋಂದಾಯಿಸುತ್ತಾರೆಯೇ ಹೊರತು ಟೇಪು ಹಿಡಿದು ನಿಮ್ಮ ಹಿತ್ತಿಲಿಗೆ ಬರುವುದಿಲ್ಲ. ಸಾಲ ಕೊಡುವವರು ಕಳಿಸುವ ಮೌಲ್ಯಮಾಪಕ ನೋಡುವುದು ಕೊಟ್ಟ ಸಾಲ ವಾಪಸು ಬಂದೀತೇ ಎಂದು.

ಪತ್ರದಲ್ಲಿ ಬರೆದಿರುವ ನೆಲವೂ ನೀವು ನಿಂತಿರುವ ನೆಲವೂ ಒಂದೇ ಹೌದೇ ಎಂಬ ಪ್ರಶ್ನೆಗೆ ಇವುಗಳಲ್ಲಿ ಯಾವುದೂ ಉತ್ತರ ಹೇಳುವುದಿಲ್ಲ. ಆ ಉತ್ತರಕ್ಕೆ ಭೂಮಾಪನವೇ ಆಗಬೇಕು.

ಬಾಣಸವಾಡಿಯಲ್ಲಿ ಹಾಸಿದ ಸರಪಳಿ

ನೆಲ ಅಳೆಯುವ ವಿದ್ಯೆಗೂ ಪೂರ್ವ ಬೆಂಗಳೂರಿಗೂ ಹಳೆಯ ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರ ಕೊನೆಯ ತಿಂಗಳುಗಳಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬಾಣಸವಾಡಿ ಮತ್ತು ಅಗರದ ನಡುವೆ ಸುಮಾರು ಏಳೂವರೆ ಮೈಲಿ ಉದ್ದದ ಒಂದು ಆಧಾರರೇಖೆಯನ್ನು ಅಳೆದ. ಮುಂದೆ ಹಿಮಾಲಯದವರೆಗೆ ಹಬ್ಬಿದ ಮಹಾ ತ್ರಿಕೋನಮಿತಿ ಸಮೀಕ್ಷೆಗೆ ಇದು ಒಂದು ರೀತಿಯ ತಾಲೀಮು. ಅವನ ಬಳಿ ಇದ್ದದ್ದು ತಲಾ ಎರಡೂವರೆ ಅಡಿಯ 40 ಕೊಂಡಿಗಳಿದ್ದ, 100 ಅಡಿ ಉದ್ದದ ಉಕ್ಕಿನ ಸರಪಳಿ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಆತ ಉಷ್ಣಮಾಪಕ ಇಟ್ಟುಕೊಂಡೇ ಅಳೆಯುತ್ತಿದ್ದ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆ ಅಳೆಯಲಾಯಿತು. ಮದರಾಸಿನ ಕಡೆಯಿಂದ ತ್ರಿಕೋನಗಳ ಮೂಲಕ ಗುಣಿಸಿ ತಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ವ್ಯತ್ಯಾಸ ಬಂದದ್ದು ಕೆಲವೇ ಅಂಗುಲ.

ಮಕ್ಕಳು ಕೇಳುತ್ತಾರೆ, ನಮ್ಮ ಟೇಪೂ ಹಿಗ್ಗುತ್ತದೆಯೇ ಎಂದು. ಹಿಗ್ಗುತ್ತದೆ. 30 ಮೀಟರಿನ ಉಕ್ಕಿನ ಟೇಪು 20 ಡಿಗ್ರಿ ಸೆಲ್ಸಿಯಸ್ ಕಾದರೆ ಹಿಗ್ಗುವುದು ಸುಮಾರು 7 ಮಿಲಿಮೀಟರ್. ಮನೆ ಅಳತೆಗೆ ಅದು ಲೆಕ್ಕಕ್ಕಿಲ್ಲ. ಬಟ್ಟೆಯ ಟೇಪನ್ನು ಮಾತ್ರ ನಂಬಬೇಡಿ. ಎಳೆದಂತೆಲ್ಲ ಅದು ಉದ್ದವಾಗುತ್ತದೆ.

ಲ್ಯಾಂಬ್ಟನ್ ಅಳೆದದ್ದು ದೇಶದ ಆಕಾರ. ರೈತನ ಹೊಲದ ಅಳತೆ ಬಂದದ್ದು ಆಮೇಲೆ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಮುಂಬಯಿ ಪದ್ಧತಿಯಂತೆ ಕಂದಾಯ ಸಮೀಕ್ಷೆ ಆರಂಭವಾಯಿತು. ಅದರ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಮೂವತ್ತಮೂರು ಅಡಿ ಉದ್ದ, ಅಷ್ಟೇ ಅಗಲವಿರುವ ನೆಲ ಒಂದು ಗುಂಟೆ, ಅಂದರೆ 1089 ಚದರಡಿ. ನಲವತ್ತು ಗುಂಟೆ ಸೇರಿದರೆ 43,560 ಚದರಡಿಯ ಒಂದು ಎಕರೆ. ನಾವು ಇಂದಿಗೂ ಪಹಣಿಯಲ್ಲಿ ಓದುವುದು ಈ ಲೆಕ್ಕವನ್ನೇ.

ಆ ಭೂಮಾಪಕರು ಒಂದೊಂದು ಹೊಲಕ್ಕೂ ನಂಬರು ಕೊಟ್ಟು ಕಲ್ಲು ನೆಟ್ಟರು. ಟಿಪ್ಪಣಿಯಲ್ಲಿ ಅಳತೆ ಬರೆದರು. ಗ್ರಾಮನಕ್ಷೆಯಲ್ಲಿ ಕೆರೆ, ಹಳ್ಳ, ಗುಂಡುತೋಪು, ಬಂಡಿದಾರಿಗಳನ್ನೆಲ್ಲ ಗುರುತಿಸಿದರು. ಉಳುಮೆಗೆ ಬಾರದ ನೆಲವನ್ನು ಖರಾಬು ಎಂದರು. ಇದರಲ್ಲಿ ಎರಡು ಬಗೆ. ಬಂಡೆ, ಮನೆ, ಕಣ ಮುಂತಾಗಿ ಕೃಷಿಗೆ ಯೋಗ್ಯವಲ್ಲದ್ದು ‘ಎ’ ಖರಾಬು. ದಾರಿ, ಹಳ್ಳ, ಕೆರೆ, ಸ್ಮಶಾನ ಮುಂತಾಗಿ ಸಾರ್ವಜನಿಕರಿಗೆ ಮೀಸಲಾದದ್ದು ‘ಬಿ’ ಖರಾಬು. ಈ ಎರಡನೆಯದನ್ನು ಮಾರುವ ಹಕ್ಕು ಯಾವ ರೈತನಿಗೂ ಇರಲಿಲ್ಲ, ಅವನಿಂದ ಕೊಂಡವನಿಗೂ ಬರಲಿಲ್ಲ. ಊರು ಬೆಳೆದು ಹೊಲಗಳು ಬಡಾವಣೆಗಳಾದಾಗ ಹೊಲದ ಜೊತೆ ಹಳ್ಳವನ್ನೂ ತುಂಡು ಮಾಡಿ ಮಾರಿದವರಿದ್ದಾರೆ. ಕಲ್ಲು ಕಿತ್ತರು, ಹಳ್ಳಕ್ಕೆ ಮಣ್ಣು ತುಂಬಿದರು. ಗ್ರಾಮನಕ್ಷೆಯಲ್ಲಿ ಮಾತ್ರ ಹಳ್ಳ ಇದ್ದಲ್ಲೇ ಇದೆ.

ಹಳ್ಳ ‘ಖಾಲಿ ಜಾಗ’ವಾದ ಕಥೆ

ನಮ್ಮ ಫಿಟ್ಟರಿಗೆ ಒಬ್ಬ ಭೂಮಾಪಕರನ್ನು ಗೊತ್ತುಮಾಡಿಕೊಟ್ಟೆ. ಅಗ್ರಿಮೆಂಟನ್ನು ಹದಿನೈದು ದಿನ ಮುಂದೂಡಿದರು. ಬ್ರೋಕರಿಗೆ ಕೋಪ ಬಂತು. “ಮೇಷ್ಟ್ರು ಪಾಠ ಮಾಡ್ಕೊಂಡಿರಬೇಕಪ್ಪ, ನಡುವೆ ಯಾಕೆ ಬರ್ತಾರೆ?” ಎಂದರಂತೆ. ಆ ಸಾಲಿನ ನೆರೆಯವರೂ “ಇಲ್ಲಿ ಎಲ್ಲರದ್ದೂ ಹೀಗೇ ಇದೆ, ಯಾರಿಗೂ ಏನೂ ಆಗಿಲ್ಲ” ಎಂದರು.

ಭೂಮಾಪಕರು ಟೋಟಲ್ ಸ್ಟೇಷನ್ ಯಂತ್ರ ತಂದರು. ಅದು ಕಿರಣ ಬಿಟ್ಟು ದೂರವನ್ನೂ ಕೋನವನ್ನೂ ಒಟ್ಟಿಗೆ ಅಳೆಯುತ್ತದೆ. ಲ್ಯಾಂಬ್ಟನ್ ವಾರಗಟ್ಟಲೆ ಮಾಡುತ್ತಿದ್ದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆಮೇಲೆ ಅವರು ಗ್ರಾಮನಕ್ಷೆ ತೆಗೆದು, ಅಳಿಸಿಹೋಗದೆ ಉಳಿದಿದ್ದ ಹಳೆಯ ಗಡಿಕಲ್ಲುಗಳನ್ನು ಹುಡುಕಿ, ಅವುಗಳಿಂದ ಅಳೆದು ಆ ನಕ್ಷೆಯ ಮೇಲೆ ಈ ಮನೆಯನ್ನು ಕೂರಿಸಿದರು. ಮನೆ ಸಾಲಿನ ಕೊನೆಯದು. ಅದರ ಈಶಾನ್ಯ ಮೂಲೆ ಹಳೆಯ ಹಳ್ಳದ ‘ಬಿ’ ಖರಾಬಿನೊಳಗೆ ನಿಂತಿತ್ತು. ಬಡಾವಣೆ ಮಾಡಿದವರು ಪಶ್ಚಿಮದ ಕಡೆ ಬೇರೆಯವರಿಗೆ ಜಾಸ್ತಿ ಜಾಗ ಕೊಟ್ಟು, ಕೊನೆಯ ನಿವೇಶನವನ್ನು ಓರೆ ಮಾಡಿ ಹಳ್ಳದ ಕಡೆ ತಳ್ಳಿ ನಾಲ್ಕು ಬದಿಯ ಅಳತೆ ಸರಿಹೊಂದಿಸಿದ್ದರು.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಪತ್ರಗಳಲ್ಲೇ ಇದ್ದ ಸುಳಿವು. ಪ್ರತಿ ಕ್ರಯಪತ್ರದ ಕೊನೆಯಲ್ಲಿ ಚಕ್ಕುಬಂದಿ ಇರುತ್ತದೆ. ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು ಎಂದು ನಾಲ್ಕು ದಿಕ್ಕಿನ ಗಡಿ ಹೇಳುವ ನಾಲ್ಕು ಸಾಲು. ಹುಡುಗಿ ಮೂರು ತಲೆಮಾರಿನ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಬರೀ ಆ ನಾಲ್ಕು ಸಾಲು ಓದಿದಳು. ಮೂಲಪತ್ರದಲ್ಲಿ “ಪೂರ್ವಕ್ಕೆ ಹಳ್ಳ” ಎಂದಿತ್ತು. ಎರಡನೆಯದರಲ್ಲಿ “ಪೂರ್ವಕ್ಕೆ ಮೋರಿ”. ಮೂರನೆಯದರಲ್ಲಿ “ಪೂರ್ವಕ್ಕೆ ಖಾಲಿ ಜಾಗ”. ಮೂರು ಪತ್ರಗಳಲ್ಲಿ ಒಂದು ಹಳ್ಳ ಬತ್ತಿಹೋಗಿತ್ತು. ಪತ್ರ ನೋಡಿದವರು ಹೆಸರು, ಸಹಿ, ತಾರೀಖು ಓದಿದ್ದರು. ಈ ಸಾಲುಗಳ ಮೇಲೆ ಕಣ್ಣಾಡಿಸಿ ಮುಂದೆ ಹೋಗಿದ್ದರು.

ಮೊಬೈಲಿನಲ್ಲಿ ಸರ್ಕಾರದ ‘ದಿಶಾಂಕ್’ ಎಂಬ ಆ್ಯಪ್ ಇದೆ. ನಿಂತ ಜಾಗದ ಸರ್ವೆ ನಂಬರು ಯಾವುದು, ಹತ್ತಿರ ಕೆರೆ, ರಾಜಕಾಲುವೆ, ಖರಾಬು ಏನಾದರೂ ಇದೆಯೇ ಎಂದು ಅದು ತೋರಿಸುತ್ತದೆ. ಮೊದಲ ಸುಳಿವಿಗೆ ಇದು ಒಳ್ಳೆಯ ಸಾಧನ. ಆದರೆ ಕೆಲವು ಅಡಿಗಳ ಪ್ರಶ್ನೆ ಬಂದಾಗ ಮೊಬೈಲಿನ ಚುಕ್ಕಿಯನ್ನು ನಂಬಿ ಹಣ ಕೊಡಲಾಗದು. ಅಲ್ಲಿಗೆ ಭೂಮಾಪಕರೇ ಬೇಕು. ಮೂಲ ಸರ್ವೆ ನಂಬರಿನ ಗಡಿಯನ್ನು ಇಲಾಖೆಯಿಂದಲೇ ಗುರುತಿಸಿಕೊಳ್ಳುವುದಕ್ಕೆ ಹದ್ದುಬಸ್ತು ಎನ್ನುತ್ತಾರೆ. ಅದಕ್ಕೆ ಹಕ್ಕುದಾರರ ಅರ್ಜಿ ಬೇಕಾಗುವುದರಿಂದ ಮಾರುವವರ ಸಹಕಾರ ಕೇಳಬೇಕು. ಸಹಕರಿಸಲು ಒಪ್ಪದ ಮಾರಾಟಗಾರರಿಂದ ಕೊಳ್ಳುವ ಮುನ್ನ ಎರಡು ಸಲ ಯೋಚಿಸಿ.

ನೀರು ಮರೆಯುವುದಿಲ್ಲ

ಒಂದು ಮೂಲೆ ಹಳ್ಳದಲ್ಲಿದ್ದರೆ ಏನಾದೀತು ಎಂದು ಕೇಳುವವರಿಗೆ ಈ ಪ್ರದೇಶವೇ ಉತ್ತರ ಹೇಳಿದೆ. 2016ರ ಆಗಸ್ಟಿನಲ್ಲಿ ಪಾಲಿಕೆ ರಾಜಕಾಲುವೆ ಒತ್ತುವರಿ ತೆರವು ಆರಂಭಿಸಿತು. ಅರಕೆರೆ ಬಳಿಯ ಅವನಿ ಶೃಂಗೇರಿ ನಗರ, ಮಹದೇವಪುರ ವಲಯದ ಕಸವನಹಳ್ಳಿ ಮುಂತಾದೆಡೆ ಜೆಸಿಬಿಗಳು ಬಂದವು. ನೋಂದಾಯಿತ ಪತ್ರ, ಮಂಜೂರಾದ ನಕ್ಷೆ, ತೆರಿಗೆ ರಸೀದಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಜನ ತಮ್ಮ ಮನೆ ಬೀಳುವುದನ್ನು ನೋಡಿದರು. ಹಳೆಯ ಗ್ರಾಮನಕ್ಷೆಯ ಮುಂದೆ ಆ ಕಾಗದಗಳು ನಿಲ್ಲಲಿಲ್ಲ.

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಸುಮಾರು 130 ಮಿಲಿಮೀಟರ್ ಮಳೆ ಸುರಿಯಿತು. ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರತಂದರು. ಕೋಟಿಗಟ್ಟಲೆ ಬೆಲೆಯ ಮನೆಗಳೂ ಮುಳುಗಿದವು. ಮುಂದಿನ ವಾರವೇ ಮುನ್ನೇಕೊಳಲ, ಚಿನ್ನಪ್ಪನಹಳ್ಳಿಗಳಲ್ಲಿ ತೆರವು ಕಾರ್ಯ ನಡೆಯಿತು.

ಇದರ ಹಿಂದಿನ ಭೌತವಿಜ್ಞಾನ ಸರಳ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮೂವತ್ತು ನಲವತ್ತರ ನಿವೇಶನ ಸುಮಾರು 111 ಚದರ ಮೀಟರ್. ಆ ರಾತ್ರಿ ಅಂಥ ಒಂದೊಂದು ನಿವೇಶನದ ಮೇಲೂ ಹದಿನಾಲ್ಕು ಸಾವಿರ ಲೀಟರಿಗೂ ಹೆಚ್ಚು ನೀರು ಬಿತ್ತು. ಹಿಂದೆ ಅದನ್ನು ಹೊಲ ಹೀರುತ್ತಿತ್ತು. ಮಿಕ್ಕದ್ದು ಹಳ್ಳ ಹಿಡಿದು ಕೆರೆಯಿಂದ ಕೆರೆಗೆ ಹರಿದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಗೆ ಸೇರುತ್ತಿತ್ತು. ಈಗ ನೆಲವೆಲ್ಲ ಕಾಂಕ್ರೀಟು, ಹಳ್ಳದಲ್ಲಿ ಮನೆ. ನೀರಿಗೆ ಪತ್ರ ಓದಲು ಬರುವುದಿಲ್ಲ, ತಗ್ಗು ಮಾತ್ರ ಗೊತ್ತು.

ಕಾಲುವೆಯ ಮೇಲಲ್ಲ, ಪಕ್ಕದಲ್ಲಿದ್ದರೂ ನಿಯಮವುಂಟು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಖಾಲಿ ಬಿಡಬೇಕೆಂದಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ 2015ರ ನಗರ ಯೋಜನೆಯ ಅಂತರಗಳನ್ನೇ ಉಳಿಸಿತು: ಕೆರೆಗೆ 30 ಮೀಟರ್, ಕಾಲುವೆಯ ನಡುರೇಖೆಯಿಂದ ಪ್ರಾಥಮಿಕಕ್ಕೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್. ಇಂಥ ಅಂತರಗಳನ್ನು ಸರ್ಕಾರಗಳು ಬದಲಿಸುತ್ತಿರುತ್ತವೆ. ಆದ್ದರಿಂದ ಕೊಳ್ಳುವ ದಿನ ಜಾರಿಯಲ್ಲಿರುವ ನಿಯಮವನ್ನು ಪಾಲಿಕೆಯಲ್ಲೇ ವಿಚಾರಿಸಬೇಕು. 2025ರ ಸೆಪ್ಟೆಂಬರಿನಿಂದ ಮಹದೇವಪುರ ಬೆಂಗಳೂರು ಪೂರ್ವ ನಗರ ಪಾಲಿಕೆಯ ವ್ಯಾಪ್ತಿಯಲ್ಲಿದೆ.

ಮನೆಗೂ ವೈದ್ಯರು ಬೇಕು

ನೆಲ ಸರಿಯಿದೆ ಎಂದುಕೊಳ್ಳೋಣ. ಅದರ ಮೇಲಿನ ಮನೆ? 2021ರ ಅಕ್ಟೋಬರ್ 7ರಂದು ಕಸ್ತೂರಿನಗರದಲ್ಲಿ ಜನ ವಾಸವಿದ್ದ ಬಹುಮಹಡಿ ಕಟ್ಟಡವೊಂದು ಕುಸಿಯಿತು. ಒಳಗಿದ್ದವರು ಮುಂಚೆಯೇ ಹೊರಬಂದದ್ದರಿಂದ ಜೀವ ಉಳಿಯಿತು. ಕಟ್ಟಡ ಬೀಳುವ ಮುನ್ನ ಹೇಳಿಯೇ ಬೀಳುತ್ತದೆ. ಆ ಭಾಷೆ ನಮಗೆ ತಿಳಿದಿರಬೇಕು.

ಗೋಡೆಯ ಬಿರುಕುಗಳನ್ನು ನೋಡಿ. ಗಾರೆಯ ಮೇಲೆ ಜೇಡನ ಬಲೆಯಂತೆ ಹರಡಿದ ಸಣ್ಣ ಗೆರೆಗಳು ಹೆಚ್ಚಾಗಿ ಗಾರೆ ಒಣಗುವಾಗ ಬಂದವು. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಮೇಲೇರುವ, ಗೋಡೆಯ ಎರಡು ಮಗ್ಗುಲಲ್ಲೂ ಕಾಣುವ ಬಿರುಕು ಬಂದರೆ ಪಾಯದ ಒಂದು ಭಾಗ ಇಳಿಯುತ್ತಿರಬಹುದು. ತುಂಬಿದ ಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಇದು ಸಾಮಾನ್ಯ. ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ತಿಳಿಯಲು ಎಂಜಿನಿಯರುಗಳು ಅದರ ಮೇಲೆ ಅಡ್ಡಲಾಗಿ ಗಾಜಿನ ಚಿಕ್ಕ ಪಟ್ಟಿಯನ್ನು ಗಾರೆಯಿಂದ ಅಂಟಿಸುತ್ತಾರೆ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ.

ಗೋಡೆಯ ಬುಡದಲ್ಲಿ ಎರಡು ಮೂರು ಅಡಿ ಎತ್ತರದವರೆಗೆ ಬಣ್ಣ ಉದುರಿ ಬಿಳಿಯ ಉಪ್ಪು ಬಿಟ್ಟಿದ್ದರೆ ಅದು ನೆಲದ ನೀರು ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ಮೇಲೇರಿದ ಗುರುತು. ದೀಪದ ಬತ್ತಿ ಎಣ್ಣೆ ಹೀರುವುದೂ ಇದೇ ಕ್ರಿಯೆಯಿಂದ. ಮಾರುವ ಮನೆಯಲ್ಲಿ ಬುಡಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಹೊಸದಾಗಿ ಟೈಲ್ಸ್ ಅಂಟಿಸಿದ್ದರೆ, ಕಾರಣ ಕೇಳಿ.

ಸೂರಿನ ಕೆಳಭಾಗ ನೋಡಿ. ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಎಚ್ಚರ. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ; ಜಾಗ ಸಿಗದಾಗ ಕಾಂಕ್ರೀಟನ್ನೇ ಒಡೆಯುತ್ತದೆ. ಹೊಸ ಕಾಂಕ್ರೀಟು ಪ್ರಬಲ ಪ್ರತ್ಯಾಮ್ಲೀಯ, ಅದರ ಪಿಎಚ್ 12ರ ಮೇಲೆ. ಹಾಗಿರುವವರೆಗೆ ಒಳಗಿನ ಕಂಬಿಗೆ ರಕ್ಷಣೆ. ಸುಣ್ಣದ ತಿಳಿನೀರಿಗೆ ಉಸಿರು ಊದಿದರೆ ಹಾಲಿನಂತಾಗುವುದನ್ನು ಮಕ್ಕಳು ಪ್ರಯೋಗಶಾಲೆಯಲ್ಲಿ ನೋಡಿದ್ದಾರೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನೊಳಗೆ ವರ್ಷಗಟ್ಟಲೆ ಮಾಡುವುದೂ ಅದನ್ನೇ. ಸುಣ್ಣ ಸೀಮೆಸುಣ್ಣವಾಗುತ್ತದೆ, ರಕ್ಷಣೆ ಹೋಗುತ್ತದೆ. ಪರೀಕ್ಷಿಸಲು ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುತ್ತಾರೆ. ಗುಲಾಬಿಯಾದರೆ ಕ್ಷೇಮ, ಬಣ್ಣ ಬಾರದಿದ್ದರೆ ಆ ಆಳದವರೆಗೆ ರಕ್ಷಣೆ ಕಳೆದಿದೆ ಎಂದರ್ಥ. ನಮ್ಮ ಲ್ಯಾಬಿನ ಕಪಾಟಿನಲ್ಲಿರುವ ಅದೇ ಸೀಸೆ!

ನೆಲ ಮಟ್ಟವಾಗಿದೆಯೇ ಎಂದು ನೋಡಲು ಮೇಸ್ತ್ರಿಯ ನೀರಿನ ಪೈಪು ಸಾಕು. ಪಾರದರ್ಶಕ ಪೈಪಿನ ಎರಡು ತುದಿಯಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅದೇ ಪೈಪಿನಿಂದ ಮನೆಯ ಹೊಸಿಲು ರಸ್ತೆಗಿಂತ ಎಷ್ಟು ಮೇಲಿದೆ ಎಂದೂ ನೋಡಿ. ಟಾರಿನ ಮೇಲೆ ಟಾರು ಹಾಕಿ ಹಾಕಿ ಎಷ್ಟೋ ರಸ್ತೆಗಳು ಹೊಸಿಲಿಗಿಂತ ಎತ್ತರವಾಗಿವೆ.

ಇವೆಲ್ಲ ಮನೆಯವರೇ ನೋಡಬಹುದಾದ ಲಕ್ಷಣಗಳು. ಜ್ವರ ಇದೆಯೆಂದು ತಾಯಿಗೆ ಗೊತ್ತಾಗುತ್ತದೆ, ಯಾವ ಜ್ವರವೆಂದು ಹೇಳಲು ವೈದ್ಯರೇ ಬೇಕು. ಹಾಗೆಯೇ ಅನುಮಾನ ಬಂದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಆ ಎಂಜಿನಿಯರು ಬ್ರೋಕರ್ ಕರೆತಂದವರಾಗಿರಬಾರದು. ಸ್ಕಾಟ್ಲೆಂಡಿನಲ್ಲಿ 2008ರ ಡಿಸೆಂಬರಿನಿಂದ, ಮನೆ ಮಾರುವವರೇ ಭೂಮಾಪಕರ ವರದಿ ಮಾಡಿಸಿ ಕೊಳ್ಳಬಯಸುವವರಿಗೆ ತೋರಿಸಬೇಕೆಂಬ ಕಾನೂನಿದೆ. ನಮ್ಮಲ್ಲಿ ಆ ಜವಾಬ್ದಾರಿಯನ್ನು ಕೊಳ್ಳುವವರೇ ಹೊರಬೇಕಾಗಿದೆ.

ಆ ಮನೆ ಏನಾಯಿತು?

ಫಿಟ್ಟರ್ ದಂಪತಿ ಮನೆ ಬೇಡವೆಂದರು. ಟೋಕನ್ ಹಣದಲ್ಲಿ ಅರ್ಧ ಮಾತ್ರ ವಾಪಸು ಬಂತು. ಅಜ್ಜಿ ಎರಡು ದಿನ ನನ್ನ ಮೇಲೂ ಮುನಿಸಿಕೊಂಡಿದ್ದರಂತೆ. ಅವರು ಇನ್ನೂ ಬಾಡಿಗೆ ಮನೆಯಲ್ಲಿದ್ದಾರೆ. ಹುಡುಗಿ ಈಗ ಪಿಯುಸಿ.

ಮಾರುವವರು ಒಂದು ಸಂಜೆ ನನ್ನನ್ನು ಹುಡುಕಿಕೊಂಡು ಬಂದರು. ಜಗಳಕ್ಕೆ ಬಂದರೇನೋ ಎಂದುಕೊಂಡೆ. ಸುಮ್ಮನೆ ಕುಳಿತರು. “ಮೇಷ್ಟ್ರೇ, ನಾನು ಮೋಸಗಾರನಲ್ಲ. ರಿಟೈರ್ ಆದ ಹಣ ಸುರಿದು ಕೊಂಡದ್ದು. ವರ್ಷ ತಪ್ಪದೆ ಕಂದಾಯ ಕಟ್ಟಿದ್ದೇನೆ. ಹಳ್ಳ ಇತ್ತು ಅಂತ ನನಗೆ ಯಾರೂ ಹೇಳಲಿಲ್ಲವಲ್ಲ. ಈಗ ನಾನು ಮಾತ್ರ ಯಾಕೆ ಹೇಳಬೇಕು?” ಎಂದರು.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನ ಪ್ರಕಾರ, ಮಾರುವವನಿಗೆ ತಿಳಿದಿರುವ, ಕೊಳ್ಳುವವನು ಸಾಧಾರಣ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮುಖ್ಯ ದೋಷವನ್ನು ಮುಚ್ಚಿಡುವಂತಿಲ್ಲ. ಅದನ್ನೇ ಹೇಳಿದೆ. “ನಿನ್ನೆಯವರೆಗೆ ನಿಮಗೆ ಗೊತ್ತಿರಲಿಲ್ಲ ಸ್ವಾಮಿ. ಇವತ್ತು ಗೊತ್ತಾಗಿದೆ” ಎಂದೆ. ಅದಕ್ಕಿಂತ ಬೇರೆ ಉತ್ತರ ನನ್ನಲ್ಲಿರಲಿಲ್ಲ. ಅವರು ಕಾಫಿ ಮುಗಿಸಿ ಎದ್ದರು. ಹದಿನೆಂಟು ವರ್ಷದ ಹಿಂದೆ ಯಾರಾದರೂ ಒಂದು ಟೇಪು ಹಿಡಿದಿದ್ದರೆ ಆ ಹಿರಿಯರಿಗೆ ಈ ಸಂಕಟ ಬರುತ್ತಿರಲಿಲ್ಲ.

ಈಗ ನಾನು ಪ್ರತಿ ವರ್ಷ ಕರ್ಣದ ಪಾಠದ ದಿನ ಮಕ್ಕಳಿಗೆ ಮನೆಗೆಲಸ ಕೊಡುತ್ತೇನೆ: ನಿಮ್ಮ ಮನೆಯ ತಾರಸಿ ಅಳೆದು ತನ್ನಿ, ನಾಲ್ಕು ಬದಿ, ಎರಡು ಕರ್ಣ. ಬಾಡಿಗೆ ಮನೆಯಾದರೂ ಪರವಾಗಿಲ್ಲ.

ಮುಂಗಡ ಕೊಡುವ ಮುನ್ನ

• ನಾಲ್ಕು ಬದಿಯ ಜೊತೆ ಎರಡು ಕರ್ಣಗಳನ್ನೂ ಉಕ್ಕಿನ ಟೇಪಿನಲ್ಲಿ ಅಳೆಯಿರಿ.

• ಮೂಲಪತ್ರದಿಂದ ಇಂದಿನವರೆಗಿನ ಎಲ್ಲ ಪತ್ರಗಳ ಚಕ್ಕುಬಂದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಯಾವ ಪದ ಎಲ್ಲಿ ಬದಲಾಯಿತು ನೋಡಿ.

• ಸರ್ವೆ ನಂಬರು ತಿಳಿದುಕೊಂಡು ಗ್ರಾಮನಕ್ಷೆ ನೋಡಿ. ಹಳ್ಳ, ಕೆರೆ, ದಾರಿ, ಖರಾಬು ಎಲ್ಲಿವೆ?

• ಅನುಮಾನವಿರಲಿ, ಇಲ್ಲದಿರಲಿ, ನೀವೇ ಹಣ ಕೊಟ್ಟು ಭೂಮಾಪಕರಿಂದ ಅಳೆಸಿ, ಸಹಿ ಮಾಡಿದ ನಕ್ಷೆ ಪಡೆಯಿರಿ.

• ಮಂಜೂರಾದ ನಕ್ಷೆಯನ್ನು ಕಟ್ಟಿರುವ ಮನೆಯೊಂದಿಗೆ ಹೋಲಿಸಿ: ಮಹಡಿ ಎಷ್ಟು, ಸುತ್ತ ಬಿಟ್ಟ ಜಾಗ ಎಷ್ಟು?

• ಮಳೆ ಬರುವಾಗ ಒಮ್ಮೆ ಹೋಗಿ ನೋಡಿ. ನೀರು ಎಲ್ಲಿಯವರೆಗೆ ಬಂದಿತ್ತೆಂದು ಬೀದಿಯ ಹಳಬರನ್ನು ಕೇಳಿ.

• ಅಗ್ರಿಮೆಂಟಿನಲ್ಲಿ ಒಂದು ಸಾಲು ಬರೆಸಿ: ಅಳತೆ ಅಥವಾ ಕಟ್ಟಡದ ವರದಿ ಸರಿಬಾರದಿದ್ದರೆ ಮುಂಗಡ ಪೂರ್ತಿ ವಾಪಸು.